ಅಮ್ಮನಿಗೆ ಓದಿ ಹೇಳಿದ ಸಿನಿಮಾಗಳು

ಅಮ್ಮ ಕುರ್ಚಿಯಲ್ಲಿ ತಲೆಯನ್ನು ಹಿಂದಕ್ಕೆ ವಾಲಿಸಿ ಕೂತಿದ್ದಳು. ಮಗಳು ಬೆರಳಿನಿಂದ ರೆಪ್ಪೆ ಬಿಡಿಸಿ ಎರಡೂ ಕಣ್ಣಿಗೆ ಒಂದೊಂದು ಹನಿ ಔಷಧಿ ಬಿಟ್ಟು, ಕೆನ್ನೆಗೆ ಇಳಿದದ್ದನ್ನು ಹತ್ತಿಯಿಂದ ಒತ್ತಿದಳು. ಬುಧವಾರ ಮಗಳು ದುಡಿಯುವ ಇಸ್ತ್ರಿ ಅಂಗಡಿಗೆ ಅರ್ಧ ದಿನ ರಜೆ. ಬೆಳಗಿನಿಂದ ಆಸ್ಪತ್ರೆಯ ಹಾಸುಬಟ್ಟೆಗಳನ್ನು ಉಜ್ಜಿ ಉಜ್ಜಿ ಮಗಳ ಸೊಂಟ ಬಿದ್ದುಹೋಗಿತ್ತು. ಆದರೂ ಹೊರಡಲೇಬೇಕು, ಟಾಕೀಸಿನ ಮಧ್ಯಾಹ್ನದ ಆಟವೆಂದರೆ ಅಮ್ಮನಿಗೆ ಪ್ರಾಣ.

ಅಮ್ಮ ಆ ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷ ಟಿಕೆಟ್ ಕೊಟ್ಟವಳು. ಗೂಡಿನಂಥ ಕೋಣೆಯೊಳಗೆ ಕೂತು ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಕೆಲಸ ಬಿಟ್ಟ ಮೇಲೆ ಕೊನೆಯ ಸಾಲಿನ ಎರಡು ಸೀಟು ಬಿಟ್ಟಿಯಾಗಿ ಸಿಕ್ಕವು. ಅಷ್ಟರಲ್ಲಿ ಕಣ್ಣು ಕೈಕೊಟ್ಟಿತ್ತು. ಬುಧವಾರ ಅಲ್ಲಿ ಬೇರೆ ಬೇರೆ ದೇಶದ ಸಿನಿಮಾ ಹಾಕುತ್ತಾರೆ. ಪರದೆಯ ಮೇಲಿನ ಜನ ಅಮ್ಮನಿಗೆ ಮಸುಕಾಗಿ ಕಾಣುತ್ತಾರೆ, ಕೆಳಗೆ ನಮ್ಮ ಭಾಷೆಯಲ್ಲಿ ಬರುವ ಅಕ್ಷರ ಕಾಣುವುದಿಲ್ಲ. ಅದನ್ನು ಮಗಳು ಕಿವಿಯಲ್ಲಿ ಓದಿ ಹೇಳಬೇಕು.

ಮಗಳು ಐದನೇ ತರಗತಿಗೇ ಶಾಲೆ ಬಿಟ್ಟವಳು. ಎರಡು ಪದ ಕೂಡಿಸುವಷ್ಟರಲ್ಲಿ ಮುಂದಿನ ಸಾಲು ಬಂದು ಹೋಗಿರುತ್ತಿತ್ತು. ಹಾಗಾಗಿ ಪರದೆಯ ಮೇಲಿನವರ ಮುಖ ನೋಡಿ ಮಾತು ಕಟ್ಟುತ್ತಿದ್ದಳು. ಎರಡು ವರ್ಷದಿಂದ ಹೀಗೇ. ನಿಜ ಹೇಳಿರಲಿಲ್ಲ. ಗೊತ್ತಾದರೆ ಅಮ್ಮ ಟಾಕೀಸು ಬಿಟ್ಟು ಮನೆಯಲ್ಲೇ ಕೂತುಬಿಡುತ್ತಾಳೆ ಎಂಬ ಭಯ.

ಬಾಗಿಲಲ್ಲಿ ಟಿಕೆಟ್ ಹರಿಯುವ ಮುದುಕ, ಅಮ್ಮನ ಹಳೇ ಜೊತೆಗಾರ, ಅಡ್ಡ ನಿಂತ.

"ಏನಕ್ಕಾ, ಹೋದ ವಾರದ್ದು ಹೇಗಿತ್ತು?"

"ಹೇಗಿರುತ್ತೆ? ಯಾವ ದೇಶದ್ದಾದ್ರೂ ಅದೇ ಕಥೆ ಕಣೋ. ಎಲ್ಲರೂ ದುಡಿದು ಸುಸ್ತಾಗ್ತಾರೆ, ಕೊನೆಗೆ ಉಂಡು ಮಲಗ್ತಾರೆ."

"ಅದೇ ಕಥೆನಾ? ಚೆನ್ನಾಗಿ ಹೇಳ್ದೆ! ಒಂದು ವಾರ ನ್ಯಾಯಾಧೀಶನೇ ಕಳ್ಳ, ಇನ್ನೊಂದು ವಾರ ಸತ್ತವಳು ಕಾಗದ ಬರೀತಾಳೆ. ಹೋದ ವಾರ ಪಾಪ, ಗಂಡ ಹೆಂಡ್ತಿ ಮನೆ ಮಧ್ಯೆ ಸುಣ್ಣದ ಗೆರೆ ಎಳೆದು ಬೇರೆ ಆದ್ರಲ್ಲ, ನಾನೇ ಕಣ್ಣು ಒರೆಸ್ಕೊಂಡೆ."

"ಬೇರೆ ಆದ್ರಾ? ಬಣ್ಣ ಹೊಡೆಯೋಕೆ ಅಳತೆ ಹಾಕಿದ್ದಲ್ವೇನೋ ಅದು?"

"ಬಣ್ಣ! ಯಾರಕ್ಕಾ ನಿಂಗೆ ಹೇಳಿದ್ದು?"

ಮಗಳು ಅವನಿಗೆ ಕಣ್ಸನ್ನೆ ಮಾಡುವಷ್ಟರಲ್ಲಿ ಮಾತು ಬಾಯಿಂದ ಬಿದ್ದಾಗಿತ್ತು. ಅವನು ಒಮ್ಮೆ ಇವಳ ಮುಖ ನೋಡಿದ. ಹಿಂದೆ ನಿಂತಿದ್ದವರ ಟಿಕೆಟಿಗೆ ಕೈ ಚಾಚಿದ.

ಸೀಟಿಗೆ ಬಂದು ಕೂತ ಮೇಲೆ ಅಮ್ಮ ಕೇಳಿದಳು.

"ಎಲ್ಲಾ ನೀನೇ ಕಟ್ಟಿದ್ದಾ?"

"ಓದೋಕಾಗಲ್ಲಮ್ಮ. ಅಕ್ಷರ ನಿಲ್ಲಲ್ಲ, ಓಡಿಹೋಗುತ್ತೆ."

"ನ್ಯಾಯಾಧೀಶನೂ ಉಂಡು ಮಲಗಿದ ಅಂದಿದ್ದೆ."

"ನಂಗೆ ಸುಸ್ತಾಗಿರ್ತಿತ್ತು."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ದೀಪ ಆರಿತು. ಪರದೆಯ ಮೇಲೆ ಒಬ್ಬ ಹೆಂಗಸು ಖಾಲಿ ರೈಲು ನಿಲ್ದಾಣದಲ್ಲಿ ಏಣಿ ಹೊತ್ತು ನಿಂತಿದ್ದಳು. ಕಾಣದ ಯಾರನ್ನೋ ಕೂಗಿ ಏನೋ ಕೇಳಿದಳು. ಸಿಟ್ಟೋ ಅಳುವೋ, ಮುಖದಿಂದ ತಿಳಿಯಲಿಲ್ಲ. ಕೆಳಗೆ ಬಿಳಿ ಅಕ್ಷರ ಬಂದವು. ಮಗಳು ಮೊದಲ ಪದವನ್ನು ತುಟಿಯಲ್ಲೇ ಕೂಡಿಸತೊಡಗಿದಳು. ಅರ್ಧಕ್ಕೇ ಸಾಲು ಅಳಿಸಿಹೋಯಿತು. ಇನ್ನೊಂದು ಬಂತು, ಅದೂ ಹೋಯಿತು.

ಅಮ್ಮ ಎಂದಿನಂತೆ ಕಿವಿಯನ್ನು ಇವಳತ್ತ ವಾಲಿಸಿದಳು.

"ಒಂದು ಪದ ಆದ್ರೂ ಸಾಕು, ಅಲ್ಲಿ ಇರೋದನ್ನೇ ಹೇಳು."