ಕಂಬಳಿಯ ಮೇಲಿನ ನಕಾಶೆ

ಮಾಳಪ್ಪ ಗೂಟದ ಮೇಲಿನ ಕರಿ ಕಂಬಳಿಯನ್ನು ಇಳಿಸಿ ಅಂಗಳದಲ್ಲಿ ಎರಡು ಸಲ ಜೋರಾಗಿ ಝಾಡಿಸಿದಾಗ, ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಹಣಮವ್ವನ ಕೈ ನಿಂತಿತು. ಆ ಕಂಬಳಿ ಇಳಿಯುವುದು ವರ್ಷಕ್ಕೆ ಒಂದು ಸಲವೋ ಎರಡು ಸಲವೋ. ಮಕ್ಕಳ ನಿಶ್ಚಯ ಮಾತಾಡುವಾಗ, ಅಣ್ಣತಮ್ಮಂದಿರು ಕುರಿ ಪಾಲು ಮಾಡಿಕೊಳ್ಳುವಾಗ. ಅದರ ಮೇಲೆ ಕೂತವರು ಸುಳ್ಳಾಡಬಾರದು ಎನ್ನುವುದು ಆ ಮನೆಯ ಕಟ್ಟಳೆ. ಮಾಳಪ್ಪನ ಅಜ್ಜನ ಕಾಲದಿಂದ ಯಾರೂ ಆಡಿದ್ದಿಲ್ಲ. ಸುಳ್ಳು ಹೇಳಲೇಬೇಕಾದವರು ಬೇರೆ ಕಡೆ ಕೂತು ಹೇಳುತ್ತಿದ್ದರು.

"ಬರಾಂವ ಪ್ಯಾಂಟು ಹಾಕ್ಕೊಂಡು ಬರಾಂವ. ಅವಗ ಯಾಕ ಅದು?" ಎಂದಳು ಹಣಮವ್ವ ಒಳಗಿನಿಂದಲೇ.

"ಅವಗ ಅಂತನ ಹಾಸಾಕತ್ತೇನಿ. ನೀ ರೊಟ್ಟಿ ನೋಡು."

ಪಡಸಾಲೆಯಲ್ಲಿ ಕಂಬಳಿ ಹಾಸಿ, ನಾಲ್ಕೂ ಮೂಲೆ ಎಳೆದು ಸರಿ ಮಾಡಿ, ದೇವರ ಭಂಡಾರದ ಅರಿಸಿನ ಒಂದು ಚಿಟಿಕೆ ಉದುರಿಸಿ ಮಾಳಪ್ಪ ಹೊರಸಿನ ಮೇಲೆ ಕೂತ. ಹೊರಸು ಕಂಬಳಿಯಿಂದ ಎರಡು ಮೊಳ ದೂರದಲ್ಲಿತ್ತು. ಆ ದೂರವನ್ನು ಅವನು ಬೆಳಗ್ಗೆಯೇ ನೋಡಿ ಇಟ್ಟುಕೊಂಡಿದ್ದ.

ಬರುವವನು ಬೆಲ್ಲದ ಬಾಗೇವಾಡಿಯ ಬಾಳೇಶ. ಹನ್ನೆರಡು ವರ್ಷದಿಂದ ಜನರನ್ನು ಹಿಮಾಲಯಕ್ಕೆ ಕರೆದುಕೊಂಡು ಹೋಗಿ ಬರುವುದೇ ಅವನ ಉದ್ಯೋಗ. ಬರುವ ಜುಲೈಯಲ್ಲಿ ಲಡಾಖಿನ ಒಂದು ಗುಡ್ಡಕ್ಕೆ ಎಂಟು ಜನರನ್ನು ಒಯ್ಯುವವನಿದ್ದ. ಆರು ಸಾವಿರದ ನಾನೂರು ಮೀಟರಿನ ಆ ಗುಡ್ಡಕ್ಕೆ ಹೆಸರಿಲ್ಲ, ನಕಾಶೆಯಲ್ಲಿ ಬರೀ ಒಂದು ನಂಬರು. ಎಂಟು ಜನರಲ್ಲಿ ಮಾಳಪ್ಪನ ಮಗಳು ವಿಜಯಲಕ್ಷ್ಮಿಯೂ ಒಬ್ಬಳು. ಗೋಕಾಕದ ಕಾಲೇಜೊಂದರಲ್ಲಿ ಆಟ ಕಲಿಸುತ್ತಾಳೆ; ರವಿವಾರ ಬಂತೆಂದರೆ ಫಾಲ್ಸಿನ ಬಾಜೂ ಇರುವ ಬಂಡೆಗಳಿಗೆ ಹಗ್ಗ ಕಟ್ಟಿಕೊಂಡು ಹತ್ತುತ್ತಾಳೆ. ಇಪ್ಪತ್ತಾರು ವರ್ಷದ ಈ ಹುಡುಗಿಗೆ ಬೇರೆ ಆಸೆಯೇ ಇಲ್ಲವೇನೋ ಎನ್ನುವಂತೆ ಎರಡು ವರ್ಷದಿಂದ ಇದೊಂದೇ ಜಪ.

ಮಾಳಪ್ಪನಿಗೆ ಬಾಳೇಶನ ಮೇಲೆ ನಂಬಿಕೆ ಇರಲಿಲ್ಲ. ಕಾರಣ ಕೇಳಿದರೆ ಬೆರಳು ಮಡಚಿ ಹೇಳುತ್ತಿದ್ದ. ಒಂದು, ಗುಡ್ಡಕ್ಕೆ ಕರೆದೊಯ್ಯುವವನು ಮನೆಗೆ ಯಾಕೆ ಬರಬೇಕು? ಹೆಣ್ಣು ನೋಡಲು ಬರುವವರನ್ನು ಬಿಟ್ಟರೆ ಇಂಥ ಬಿಸಿಲಲ್ಲಿ ಬಾಗೇವಾಡಿಯಿಂದ ಮಮದಾಪುರಕ್ಕೆ ಯಾರೂ ಸುಮ್ಮನೆ ಬರುವುದಿಲ್ಲ. ಎರಡು, ಮಗಳ ಫೋನಿನಲ್ಲಿರುವ ಅವನ ಫೋಟೋಗಳಲ್ಲೆಲ್ಲ ಎಡಗೈ ಕಿಸೆಯಲ್ಲೇ ಇರುತ್ತದೆ. ಮೂರು, ಬೂಟು. ಹಿಮದ ಮೇಲೆ ನಡೆಯುವ ಬೂಟನ್ನು ಕೊರಿಯರಿನಲ್ಲಿ ಕಳಿಸಿದ್ದೇನೆ ಎಂದು ಹೇಳಿ ಇಪ್ಪತ್ತು ದಿನವಾಯಿತು, ಬೂಟಿನ ಸುಳಿವಿಲ್ಲ. ಈ ಮೂರನೆಯದನ್ನು ಕೇಳಿ ಕೇಳಿ ವಿಜಯಲಕ್ಷ್ಮಿಯ ಮನಸ್ಸಿನಲ್ಲೂ ಈಚೆಗೆ ಸಣ್ಣ ಅನುಮಾನ ಹುಟ್ಟಿಕೊಂಡಿತ್ತು.

ಬೂಟು ಬಂದಿದ್ದವು. ಹನ್ನೆರಡು ದಿನದ ಹಿಂದೆ ಕೊರಿಯರಿನವನು ಬಂದಾಗ ಮನೆಯಲ್ಲಿ ಮಾಳಪ್ಪ ಒಬ್ಬನೇ ಇದ್ದ. ಡಬ್ಬಿ ಬಿಚ್ಚಿ ನೋಡಿದ. ಒಂದರೊಳಗೆ ಇನ್ನೊಂದು ಬೂಟು, ಒಂದೊಂದೂ ಆಗ ಹುಟ್ಟಿದ ಮರಿಯಷ್ಟು ಭಾರ. ಕಾಲಿಗೆ ಇಷ್ಟೊಂದು ಹೊದಿಕೆ ಬೇಕಾಗುವ ಚಳಿ ಎಂಥದ್ದಿರಬಹುದು ಎಂದು ಯೋಚಿಸುತ್ತ ಕೂತವನಿಗೆ ಎದೆಯೊಳಗೆ ಭಯ ಹೊಕ್ಕಿತು. ಡಬ್ಬಿ ಮೇವಿನ ಕೋಣೆಗೆ ಹೋಯಿತು, ಹೊಟ್ಟಿನ ಚೀಲಗಳ ಹಿಂದೆ. ಹೀಗಾಗಿ ಬಾಳೇಶ ಮೋಸಗಾರ ಎನ್ನುವುದಕ್ಕೆ ಇದ್ದ ದೊಡ್ಡ ಸಾಕ್ಷಿ ಮಾಳಪ್ಪನ ಹೊಟ್ಟಿನಲ್ಲೇ ಅಡಗಿತ್ತು. ಅದರಿಂದ ಅವನ ಸಂಶಯವೇನೂ ಕಡಿಮೆಯಾಗಿರಲಿಲ್ಲ. ಮನುಷ್ಯನ ಸಂಶಯಕ್ಕೆ ಅಂಥ ನಾಚಿಕೆ ಇರುವುದಿಲ್ಲ.

ಮೋಟಾರ್ ಸೈಕಲ್ ನಿಂತ ಸದ್ದಾಯಿತು. ಬಾಳೇಶ ನಲವತ್ತರ ಆಸುಪಾಸಿನ, ಬಿಸಿಲಿಗೆ ಕಪ್ಪಾದ ಸಣ್ಣ ಆಳು. ಎಡಗೈ ಕಿಸೆಯಲ್ಲೇ ಇತ್ತು. ಹೊರಗೆ ಚಪ್ಪಲಿ ಬಿಟ್ಟು ಒಳಬಂದವನು ಕಂಬಳಿಯನ್ನೂ ಭಂಡಾರವನ್ನೂ ನೋಡಿ ಒಂದು ಗಳಿಗೆ ನಿಂತ. ಬಗ್ಗಿ ಅದರ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೂತ.

"ನಮ್ಮೂರಾಗೂ ಹಾಲಮತದವರು ಅದಾರ್ರಿ ಕಾಕಾ. ಇದರ ಮ್ಯಾಲ ಕುಂತ್ರ ಹುಷಾರಲೆ ಮಾತಾಡಬೇಕು."

ಗೊತ್ತಿದ್ದೂ ಕೂತನಲ್ಲ ಎಂದು ಮಾಳಪ್ಪನಿಗೆ ಕಿರಿಕಿರಿಯಾಯಿತು.

ವಿಜಯಲಕ್ಷ್ಮಿ ಚಹಾ ತಂದಳು. ಬಗ್ಗಿ, ಕೈ ಉದ್ದ ಮಾಡಿ ಕಪ್ಪು ಕೊಟ್ಟು, ಮತ್ತೆ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತಳು. ಬಾಳೇಶ ಬೆನ್ನ ಚೀಲದಿಂದ ಸುರುಳಿ ಸುತ್ತಿದ ನಕಾಶೆ ತೆಗೆದು ಕಂಬಳಿಯ ಮೇಲೆ ಬಿಡಿಸಿದ. ಬಿಟ್ಟರೆ ಸಾಕು, ಅದು ಮತ್ತೆ ಸುತ್ತಿಕೊಳ್ಳುತ್ತಿತ್ತು. ಒಂದು ತುದಿಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಗೆ ನೀರಿನ ತಂಬಿಗೆ ಇಟ್ಟ.

"ಇಲ್ಲೀಮಟ ಗಾಡಿ ಹೋಗತೈತ್ರಿ. ಇಲ್ಲಿಂದ ನಾಕ ದಿನ ನಡಗಿ, ಕುದರಿ ಮ್ಯಾಲ ಸಾಮಾನು. ಇಲ್ಲಿ ಡೇರೆ. ಆಮ್ಯಾಲ ಮ್ಯಾಲ ಮೂರು ಕಡೆ ವಸ್ತಿ."

"ವಸ್ತಿ ಮಾಡೂ ಕಡೆ ನೀರು?" ಎಂದು ಕೇಳಿದ ಮಾಳಪ್ಪ. ಕೇಳಬಾರದು ಎಂದುಕೊಂಡಿದ್ದ. ಆದರೆ ನಲವತ್ತು ವರ್ಷ ಹಿಂಡು ಹೊಡೆದುಕೊಂಡು ಘಟಪ್ರಭಾದಿಂದ ಕೊಂಕಣದ ಅಂಚಿನವರೆಗೆ ಅಲೆದವನ ಬಾಯಿ ಸುಮ್ಮನಿರಲಿಲ್ಲ.

"ಡೇರೆ ಹಿಡದು ಕೆಳಗಿನ ಎರಡರಾಗ ಹಳ್ಳ ಐತ್ರಿ. ಮ್ಯಾಲಿನ ಎರಡಕ್ಕ ಹಿಮಾ ಕಾಸಿ ನೀರು ಮಾಡಬೇಕು."

"ಹಾದ್ಯಾಗ ಮುಂದ ಯಾರು, ಹಿಂದ ಯಾರು?"

"ಮುಂದ ನಾನ್ರಿ. ಹಿಂದ ಆ ಕಡೆಯವನ, ತಾಶಿ ಅಂತ. ಹತ್ತು ವರ್ಷಾತು ನನ್ನ ಜೋಡಿ. ಅಂವ ಸಾಕು ಅಂದ್ರ ಎಲ್ಲಾರೂ ಹೊಳ್ಳೂದು."

"ನೀವು ಮುಂದ ಹೋಗೂಣು ಅಂದ್ರ?"

"ಆಗೂ ಅವಂದ ಮಾತು ನಡೀತೈತಿ. ಯಾರ ಕಾಲು ಸೋತಾವು, ಯಾರಿಗೆ ಉಸಿರು ಹತ್ತೇತಿ ಅಂತ ಹಿಂದಿದ್ದವಗ ಕಾಣತೈತಿ, ನನಗ ಕಾಣೂದಿಲ್ಲ."

ಕುರಿಗಾರನೊಬ್ಬ ಹೇಳುವ ಉತ್ತರ ಅದು. ಮಾಳಪ್ಪ ಮೀಸೆ ತಿರುವಿಕೊಂಡ. ಆದರೂ ಒಳ್ಳೆಯವನ ಹಾಗೆ ಮಾತಾಡುವವರನ್ನು ಸಂತೆಯಲ್ಲಿ ಬೇಕಾದಷ್ಟು ಕಂಡಿದ್ದ.

"ತುದಿ ಮುಟ್ಟಸ್ತೀರಿ ಹೌದಲ್ಲೋ?"

"ಗ್ಯಾರಂಟಿ ಇಲ್ರಿ. ಈ ಗುಡ್ಡಕ್ಕ ಎರಡ ಸಲ ಹೋಗೇನಿ. ಎರಡೂ ಸಲ ನಡುವಿಂದ ಹೊಳ್ಳಿ ಬಂದೇನಿ."

"ಆ ಕೈ ಯಾಕ ಕಿಸೇದಾಗ ಇಟ್ಟೀರಿ?"

"ಯಪ್ಪಾ," ಎಂದಳು ವಿಜಯಲಕ್ಷ್ಮಿ ಹೊಸ್ತಿಲಿನಿಂದ.

ಬಾಳೇಶ ಕೈ ಹೊರತೆಗೆದು ನಕಾಶೆಯ ಮೇಲಿಟ್ಟ. ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. "ಥಂಡಿಗೆ ಸತ್ವು. ಫೋಟೋ ಹೊಡೀಬೇಕಂತ ಕೈಗವಸು ತಗದಿದ್ದೆ. ಹುಚ್ಚತನ ನಂದ. ಹುಡುಗರು ನೋಡಿ ಅಂಜ್ತಾರಂತ ಕಿಸೇದಾಗ ಇಡ್ತೇನಿ."

ಮಾಳಪ್ಪ ಮಡಚಿ ಹೇಳುತ್ತಿದ್ದ ಮೂರು ಕಾರಣಗಳಲ್ಲಿ ಒಂದು ಹೀಗೆ ಹೋಯಿತು. ಉಳಿದ ಎರಡರಲ್ಲಿ ಒಂದು ಬೂಟು. ಅದನ್ನು ಅವನು ಕೇಳಲಿಲ್ಲ, ಮಗಳೇ ಕೇಳಿದಳು.

"ಸರ್, ಬೂಟು ಇನ್ನೂ ಮುಟ್ಟಿಲ್ರಿ."

ಬಾಳೇಶ ಹುಬ್ಬು ಗಂಟಿಕ್ಕಿ ಫೋನು ತೆಗೆದು ನೋಡಿದ. "ಮಮದಾಪುರದಾಗ ಕೊಟ್ಟೇವಿ ಅಂತ ಬರದಾರಲ್ಲವಾ."

"ನಮ್ಮ ಮನೀಗಂತೂ ಬಂದಿಲ್ಲ. ಹೌದಲ್ಲೋ ಯಪ್ಪಾ?"

"ಬಂದಿಲ್ಲ," ಎಂದ ಮಾಳಪ್ಪ ಹೊರಸಿನ ಮೇಲಿನಿಂದ. ಸಲೀಸಾಗಿ ಬಂತು ಮಾತು.

ಬಾಳೇಶ ಫೋನನ್ನು ಮಗುಚಿಟ್ಟ. ಆರೋಗ್ಯದ ವಿವರ ಬರೆಯುವ ಒಂದು ಕಾಗದ ತೆಗೆದ. ಅವನ ದನಿ ತಗ್ಗಿತು. "ಮನೀಗೆ ಯಾಕ ಬಂದಾನ ಅಂತ ನಿಮಗ ಸಂಶೇ ಬಂದಿರಬೇಕ್ರಿ ಕಾಕಾ. ಎಂಟೂ ಮಂದಿ ಮನೀಗೆ ಹೋಗ್ತೇನಿ. ಐದು ವರ್ಷದ ಹಿಂದ ನನ್ನ ಜೋಡಿ ಬಂದವ ಒಬ್ಬ ಮ್ಯಾಲ ಸತ್ತ. ಅವಗ ಎತ್ತರ ಆಗಿಬರತಿರಲಿಲ್ಲ, ಎದ್ಯಾಗ ನೀರು ತುಂಬತಿತ್ತು. ಮೊದಲೊಮ್ಮೆ ಹಂಗ ಆಗಿತ್ತಂತ. ಕಾಗದದಾಗ ಇಲ್ಲ ಅಂತ ಬರದಿದ್ದ, ನಾ ನಂಬಿದ್ದೆ. ಅವರವ್ವಗ ಗೊತ್ತಿತ್ತು. ನಾ ಕೇಳಿದ್ರ ಹೇಳತಿದ್ಲು." ಅವನು ಪೆನ್ನಿನ ಟೋಪಿ ತೆಗೆದು ವಿಜಯಲಕ್ಷ್ಮಿಯ ಕಡೆ ತಿರುಗಿದ. "ಹಿಂದಕ್ಕ ಎಂದಾದ್ರೂ ಎತ್ತರಕ್ಕ ಹೋದಾಗ ಉಸಿರಿನ ತ್ರಾಸಾಗಿ ಕೆಳಗ ಇಳಿಸ್ಯಾರೇನವಾ ನಿನ್ನ?"

"ಇಲ್ರಿ ಸರ್."

"ಬಾ ಹಂಗಾರ. ಕುಂತು ಓದಿ ಸಹಿ ಮಾಡು."

"ಇಲ್ಲೇ ಕೊಡ್ರಿ. ಕೈ ಹಿಟ್ಟಾಗೈತಿ, ಒರಸ್ಕೊಂಡು ಗ್ವಾಡಿಗೆ ಇಟ್ಟು ಮಾಡ್ತೇನಿ."

ಮಾಳಪ್ಪ ಅವಳ ಕೈ ನೋಡಿದ. ಹಿಟ್ಟಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಹಣಮವ್ವ, ಆ ಸದ್ದು ಇನ್ನೂ ಕೇಳುತ್ತಿತ್ತು. ಆಮೇಲೆ ಅವಳ ಕಾಲು ನೋಡಿದ. ಚಹಾ ಕೊಟ್ಟು ಹೋದಾಗಿನಿಂದ ಆ ಕಾಲು ಹೊಸ್ತಿಲು ಬಿಟ್ಟಿರಲಿಲ್ಲ. ಅವಳದೇ ಗುಡ್ಡದ ನಕಾಶೆ ಕಣ್ಣೆದುರು ಬಿದ್ದಿದ್ದರೂ ಹತ್ತಿರ ಬಂದು ನೋಡಿರಲಿಲ್ಲ. ಚಹಾ ಕೊಡುವಾಗಲೂ ಕಂಬಳಿಯ ಅಂಚು ತುಳಿಯದೆ ಕೈಯನ್ನಷ್ಟೇ ಚಾಚಿದ್ದಳು. ಬೇರೆ ಯಾರಿಗೂ ಇದು ಕಾಣುತ್ತಿರಲಿಲ್ಲ. ಹೊರಸಿನ ಮೇಲೆ ಕೂತವನಿಗೆ ಕಂಡಿತು, ಯಾಕೆಂದರೆ ಅವನೂ ಅದೇ ಕಾರಣಕ್ಕೆ ಅಲ್ಲಿ ಕೂತಿದ್ದ.

ಹೋದ ವರ್ಷ ಉತ್ತರಕಾಶಿಯ ಕಡೆ ತಿಂಗಳ ತರಬೇತಿಗೆಂದು ಹೋದವಳು ಹದಿನೇಳನೆಯ ದಿನಕ್ಕೇ ಮನೆಗೆ ಬಂದಿದ್ದಳು. ಮಳೆ ಹತ್ತಿತು, ಶಿಬಿರ ಮುಚ್ಚಿದರು ಎಂದಿದ್ದಳು. ಎಂಟು ದಿನ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ್ದಳು. ಆ ಕೆಮ್ಮು ಮಾಳಪ್ಪನಿಗೆ ನೆನಪಿತ್ತು. ಎದೆಯಲ್ಲಿ ನೀರು ನಿಂತ ಕುರಿ ಹಾಗೆಯೇ ಕೆಮ್ಮುತ್ತದೆ. ಹಿಂಡಿನಲ್ಲಿ ನೂರು ಕುರಿಗಳ ನಡುವೆ ಒಂದು ಕೆಮ್ಮಿದರೆ ಎದ್ದು ಕೂರುವವನು, ಮಗಳು ಕೆಮ್ಮಿದಾಗ ಥಂಡಿ ಎಂದುಕೊಂಡು ಕಷಾಯ ಕಾಸಿಸಿದ್ದ. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇಷ್ಟು ದಿನ ಅನುಮಾನ ಪಟ್ಟಿದ್ದೆಲ್ಲ ಬಾಗೇವಾಡಿಯವನ ಮೇಲೆ, ಮನೆಯೊಳಗೆ ನೋಡಿರಲಿಲ್ಲ.

ವಿಜಯಲಕ್ಷ್ಮಿ ಕಾಗದಕ್ಕೆ ಕೈ ಚಾಚಿದಳು. ಈಗ ತಾನು ಬಾಯಿ ಬಿಟ್ಟರೆ ಅವಳು ಈ ಜನ್ಮದಲ್ಲಿ ತನ್ನನ್ನು ಕ್ಷಮಿಸುವುದಿಲ್ಲ. ಬಿಡದಿದ್ದರೆ, ಹಿಂದೆ ನಡೆಯುವ ಆ ತಾಶಿಗೆ ಕಾಣುವ ಹೊತ್ತಿಗೆ ಏನಾಗಿರುತ್ತದೋ. ಅಲ್ಲದೆ ಹೊರಸಿನ ಮೇಲೆ ಕೂತು ಈಗಷ್ಟೇ ಸುಳ್ಳಾಡಿದವನು ಯಾವ ಬಾಯಿಂದ ಹೇಳುವುದು?

ಮಾಳಪ್ಪ ಎದ್ದ. ತಲೆಯ ಪಟಗಾ ತೆಗೆದು ಹೊರಸಿನ ಮೇಲಿಟ್ಟು, ಧೋತರ ಸರಿ ಮಾಡಿಕೊಂಡು, ಕಂಬಳಿಯ ಮೇಲೆ ಬಾಳೇಶನ ಎದುರಿಗೆ ಕೂತ.

"ಬೂಟು ಬಂದಾವ್ರಿ," ಎಂದ. "ಮೇವಿನ ಕ್ವಾಣ್ಯಾಗ, ಹೊಟ್ಟಿನ ಚೀಲದ ಹಿಂದ ಅದಾವು. ನಾನ ಮುಚ್ಚಿಟ್ಟೇನಿ. ನಿಮ್ಮ ಕಡೆ ತಪ್ಪಿಲ್ಲ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಯಾಕಪ್ಪಾ?" ಎಂದಳು ವಿಜಯಲಕ್ಷ್ಮಿ.

"ಅಂಜಿಕಿ ಬಂತವಾ. ಬೂಟಿಲ್ಲಂದ್ರ ನೀ ಹೋಗಾಕಿಲ್ಲ ಅಂತ ಮಾಡಿದ್ದೆ." ಅವನು ತಲೆ ಎತ್ತಲಿಲ್ಲ. ಕೆಮ್ಮಿನ ಮಾತು ಎತ್ತಲಿಲ್ಲ. ಸ್ವಲ್ಪ ಸರಿದು ಪಕ್ಕದ ಜಾಗವನ್ನು ಅಂಗೈಯಿಂದ ಸವರಿದ. "ನಂದು ಮುಗೀತು. ಬಾ ವಿಜ್ಜಿ, ಜಾಗಾ ಐತಿ."

ಅವಳು ಅವನನ್ನೇ ನೋಡಿದಳು. ಅಪ್ಪನಿಗೆ ಗೊತ್ತಾಗಿದೆ ಎಂಬುದು ಅವಳಿಗೆ ತಿಳಿಯಿತು. ಕಾಗದವನ್ನು ಬಾಳೇಶನ ಕೈಯಲ್ಲೇ ಬಿಟ್ಟು, ಹೊಸ್ತಿಲು ದಾಟಿ ಕಂಬಳಿಯನ್ನು ಬಳಸಿಕೊಂಡು ಅಂಗಳಕ್ಕೆ ಹೋದಳು. ಹೋದವಳು ಬರುವುದಿಲ್ಲವೇನೋ ಎಂದು ಮಾಳಪ್ಪನಿಗೆ ಅನಿಸಿತು. ಬಾಳೇಶ ತಣ್ಣಗಾದ ಚಹಾ ಕುಡಿದು ಮುಗಿಸಿದ.

ಅವಳು ಬಂದಾಗ ಎದೆಗವಚಿಕೊಂಡ ಎರಡೂ ಬೂಟುಗಳ ಮೇಲೆ ಹೊಟ್ಟಿನ ಧೂಳಿತ್ತು. ಕಂಬಳಿಯ ಹೊರಗೆ ಮೊಣಕಾಲೂರಿ ಕೂತು ಸೆರಗಿನಿಂದ ಒಂದನ್ನು ಒರೆಸಿದಳು, ಇನ್ನೊಂದನ್ನು ಒರೆಸಿದಳು. ನಿಧಾನಕ್ಕೆ, ಕಾಲಿಗೆ ಹಾಕಿಕೊಳ್ಳುವವಳ ಹಾಗೆ ದಾರ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಅವುಗಳನ್ನು ಕಂಬಳಿಯ ಅಂಚಿನ ಆಚೆ ಜೋಡಿಸಿಟ್ಟು, ಬರಿಗಾಲಲ್ಲಿ ಮೇಲೆ ಬಂದು ಅಪ್ಪನ ಪಕ್ಕಕ್ಕೆ ಕೂತಳು.

"ಸರ್," ಎಂದಳು.

ಬಾಳೇಶ ಅವಳಿಗೆ ಜಾಗ ಮಾಡಲು ಮೊಣಕಾಲು ಸರಿಸಿ, ತಂಬಿಗೆಯನ್ನು ಎತ್ತಿ ಬದಿಗಿಟ್ಟ. ನಕಾಶೆ ತಾನಾಗಿಯೇ ಸುರುಳಿ ಸುತ್ತಿಕೊಂಡಿತು.