ಹೆಸರುಕಾಳಿನ ಅಳತೆ

ತುಮಕೂರಿನ ಚಿಕ್ಕಪೇಟೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಶಾರದಳಿಗೆ ಊರಿನ ಅರ್ಧ ಹೆಂಗಸರ ಎದೆಯಳತೆ ಬಾಯಿಪಾಠವಿತ್ತು. ಟೇಪು ಕೂಡ ಬೇಕಾಗಿರಲಿಲ್ಲ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿ ಮೂವತ್ತನಾಲ್ಕೋ ಮೂವತ್ತಾರೋ ಹೇಳಿಬಿಡುತ್ತಿದ್ದಳು. ಅಂಥವಳು ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ತನ್ನದೇ ಎದೆಯ ಅಳತೆ ಗೊತ್ತಾಗದೆ ಒದ್ದಾಡಿದಳೆಂದರೆ ಯಾರು ನಂಬುತ್ತಾರೆ! ಒದ್ದಾಟವೆಂದರೆ ಅಳುವ ಒದ್ದಾಟವಲ್ಲ. ಹಬ್ಬದ ಹಿಂದಿನ ದಿನ ಮಕ್ಕಳು ಹೊಸ ಬಟ್ಟೆಗೆ ಒದ್ದಾಡುತ್ತಾರಲ್ಲ, ಆ ಥರದ್ದು.

ಎರಡು ವರ್ಷದ ಹಿಂದೆ ಕ್ಯಾನ್ಸರ್ ಗಡ್ಡೆಯೆಂದು ಬೆಂಗಳೂರಿನಲ್ಲಿ ಅವಳ ಎಡಗಡೆಯ ಮೊಲೆಯನ್ನು ಪೂರ್ತಿ ತೆಗೆದಿದ್ದರು. ಜೀವ ಉಳಿಯಿತು, ದೊಡ್ಡದು. ಆದರೆ ಅಂದಿನಿಂದ ಬ್ಲೌಸಿನೊಳಗೆ ತೊಡುವ ಬಾಡಿಯಲ್ಲಿ ಬಟ್ಟೆಯ ಉಂಡೆ ತುರುಕಿಕೊಳ್ಳುವುದು, ಮಿಷನ್ ತುಳಿಯುವಾಗ ಅದು ಜರುಗಿ ಜರುಗಿ ಕತ್ತಿನ ಹತ್ತಿರ ಬಂದು ಕೂರುವುದು, ಗಿರಾಕಿಗಳೆದುರು ಸೆರಗೆಳೆದುಕೊಳ್ಳುವುದು ಇದೇ ಆಗಿ ಅವಳಿಗೆ ಸಾಕುಸಾಕಾಗಿತ್ತು. ಗಂಡ ಯೋಗನರಸಿಂಹ ಅಂತರಸನಹಳ್ಳಿಯ ಕಾರ್ಖಾನೆಗೆ ಹೊರಡುತ್ತ, “ನಂಗೇನೂ ವ್ಯತ್ಯಾಸ ಇಲ್ಲ ಕಣೇ,” ಎನ್ನುತ್ತಿದ್ದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ. “ನಂಗಿದೆ,” ಎನ್ನುತ್ತಿದ್ದಳು ಶಾರದ.

ಈ ಸಲ ಬೆಂಗಳೂರಿಗೆ ತಪಾಸಣೆಗೆ ಹೋದಾಗ ಡಾಕ್ಟರ್ ಜಯರಾಮಯ್ಯ ತಾವಾಗಿಯೇ ವಿಷಯ ತೆಗೆದರು. ಸಿಲಿಕೋನಿನ ಮೊಲೆಯನ್ನು ಚರ್ಮದ ಒಳಗೇ ಇಟ್ಟು ಹೊಲಿಯಬಹುದು, ಬೊಂಬಾಯಿಯಿಂದ ತರಿಸಬೇಕು ಎಂದರು.

“ನಿಮ್ಮ ಎದೆಯ ಅಗಲಕ್ಕೆ ನೂರ ಎಪ್ಪತ್ತೈದು ಸಿಸಿಯಿಂದ ಇನ್ನೂರ ಎಪ್ಪತ್ತೈದರ ತನಕ ಹೊಂದುತ್ತೆ. ಅದರಲ್ಲಿ ಯಾವ್ದು ಅಂತ ನೀವೇ ಹೇಳ್ಬೇಕು. ತೆಳು ಬಟ್ಟೆ ಚೀಲಕ್ಕೆ ಅಕ್ಕಿ ತುಂಬಿ, ಬಾಡಿ ಒಳಗಿಟ್ಕೊಂಡು ಐದಾರು ದಿನ ಓಡಾಡಿ. ಸರಿ ಅನ್ನಿಸಿದಾಗ ಆ ಅಕ್ಕಿ ಅಳೀರಿ. ಸಿಸಿ ಅಂದ್ರೂ ಎಂಎಲ್ ಅಂದ್ರೂ ಒಂದೇ. ಗುರುವಾರ ಹನ್ನೊಂದು ಗಂಟೆಯೊಳಗೆ ಫೋನ್ ಮಾಡಿ, ಅವತ್ತು ನಮ್ಮವರು ಬೊಂಬಾಯಿಗೆ ಹೋಗ್ತಾರೆ. ತಂದ್ಮೇಲೆ ಬದಲಾಯ್ಸೋಕಾಗಲ್ಲ. ಮತ್ತೆ ಹೋಗೋದು ಯಾವಾಗ್ಲೋ ಏನೋ.”

ಶಾರದ ಬಸ್ಸಿನಲ್ಲಿ ಬಂದಳೋ ಗಾಳಿಯಲ್ಲಿ ಬಂದಳೋ ಅವಳಿಗೇ ತಿಳಿಯಲಿಲ್ಲ. ಮನೆಗೆ ಬಂದವಳೇ ಹಳೆಯ ಮಲ್ ಸೀರೆ ಕತ್ತರಿಸಿ, ಉಬ್ಬು ಬರಲೆಂದು ನಾಲ್ಕು ಕಡೆ ಡಾಟು ಹಿಡಿದು ಚೀಲ ಹೊಲಿದಳು. ಮದುವಣಗಿತ್ತಿಯ ಬ್ಲೌಸಿಗೂ ಅವಳು ಅಷ್ಟು ನಾಜೂಕು ಮಾಡಿರಲಿಲ್ಲ. ಅಳೆಯುವುದಕ್ಕೆ ಮಗಳು ಹಾಲು ಕುಡಿದಿದ್ದ ಗಾಜಿನ ಬಾಟಲಿ ಅಟ್ಟದಿಂದಿಳಿಯಿತು. ಅದರ ಮೇಲೆ ಎಂಎಲ್ ಗೆರೆಗಳಿದ್ದವು.

ಅಕ್ಕಿ ಡಬ್ಬಕ್ಕೆ ಕೈಹಾಕಿದಾಗ ಅಡ್ಡ ಬಂದವರು ಅತ್ತೆ ಕೌಸಲ್ಯಮ್ಮ. ಸೊಸೆಗೆ ಒತ್ತಾಸೆಯಾಗಿರಲೆಂದು ಕುಣಿಗಲ್ಲಿನಿಂದ ಬಂದಿದ್ದರು.

“ಅಕ್ಕಿ ಬೇಡ ಕಣೇ, ತುದಿ ಚುಚ್ಚತ್ತೆ. ಆಪರೇಷನ್ ಆಗಿರೋ ಜಾಗ.”

“ಹುರುಳಿ ಹಾಕ್ಲಾ ಅತ್ತೆ?”

“ಹುರುಳಿನಾ! ಅದು ಉಷ್ಣ. ನಮ್ಮೂರ ಫಾರಮ್ಮಿನ ಕುದುರೆ ತಿಂದು ಅರಗಿಸ್ಕೊಳತ್ತೆ, ನಿನ್ ಕೈಲಾಗಲ್ಲ. ಹೆಸರುಕಾಳು ಹಾಕ್ಕೊ. ನುಣ್ಣಗಿರತ್ತೆ, ಮೈಗೂ ತಂಪು.”

ಎದೆಯ ಮೇಲಿಟ್ಟ ಕಾಳು ತಂಪು ಮಾಡುತ್ತದೋ ಇಲ್ಲವೋ, ಅತ್ತೆಯ ಕಾಳಜಿಯಂತೂ ತಂಪೆನಿಸಿತು. ಬಾಟಲಿಯಲ್ಲಿ ಇನ್ನೂರರ ಗೆರೆಗೆ ಹೆಸರುಕಾಳು ಅಳೆದು ಚೀಲಕ್ಕೆ ಸುರಿದು ಬಾಯಿ ಹೊಲಿದಳು. ಇಟ್ಟುಕೊಂಡು ಟೇಪು ಹಿಡಿದಳು. ನಡು ಎದೆಯಿಂದ ಕಂಕುಳಿಗೆ ಬಲಗಡೆ ಎಂಟೂವರೆ ಇಂಚು, ಎಡಗಡೆ ಎಂಟು. ಸ್ವಲ್ಪ ಕಡಿಮೆ. ಎರಡು ದಿನ ನೋಡಿ ಸೇರಿಸೋಣ ಎಂದುಕೊಂಡಳು.

ಭಾನುವಾರ ಗುಬ್ಬಿಯ ಸಿದ್ದಲಕ್ಷ್ಮಮ್ಮನಿಗೆ ಮಗಳ ಮದುವೆಯ ಬ್ಲೌಸುಗಳನ್ನು ಕೊಡಲು ಹೊರಟಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಹೋದಳು. ಕೈ ಮೇಲೆತ್ತಿ ನಿಲ್ಲುವುದು ಎರಡು ವರ್ಷದಲ್ಲಿ ಅದೇ ಮೊದಲು. ಚೀಲ ಇಟ್ಟ ಜಾಗದಲ್ಲೇ ಇತ್ತು. ಖುಷಿಗೆ ಒಂದು ಸ್ಟಾಪು ಮುಂದೆ ಹೋಗಿ ಇಳಿದಳು.

“ಏನವ್ವ, ಮಕದಾಗೆ ಶಾನೆ ಕಳೆ ಬಂದೈತೆ, ಏನಾರ ಇಸೇಸ ಐತಾ?” ಎಂದು ಸಿದ್ದಲಕ್ಷ್ಮಮ್ಮ ಅವಳ ಹೊಟ್ಟೆಯ ಕಡೆ ನೋಡಿದಳು.

“ಐತೆ, ಆದ್ರೆ ಹೊಟ್ಟೇಲಿ ಅಲ್ಲ,” ಎಂದು ಶಾರದ ನಕ್ಕುಬಿಟ್ಟಳು.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಬೇಸಿಗೆಯ ಜಡಿಮಳೆ ಹಿಡಿಯಿತು. ಒಳಬಟ್ಟೆಯವರೆಗೂ ತೊಯ್ದಳು. ಮನೆಯಲ್ಲಿ ಸೀರೆ ಬ್ಲೌಸು ಬದಲಾಯಿಸಿದಳೇ ಹೊರತು ಚೀಲವನ್ನು ಮಾತ್ರ ಹಿಂಡಿ ಮತ್ತೆ ಅಲ್ಲೇ ಇಟ್ಟುಕೊಂಡಳು. ಅದನ್ನು ಬಿಟ್ಟಿರುವುದಕ್ಕೆ ಮನಸ್ಸೇ ಬರಲಿಲ್ಲ. ಮೈಯ ಬಿಸಿಗೆ ಒಣಗುತ್ತದೆ ಎಂದುಕೊಂಡಳು, ಮಲಗುವಾಗಲೂ ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತವಳು ಅಲ್ಲೇ ಕುಣಿದಾಡಿದಳು. ಎಡ ಬಲ ಎರಡೂ ಸಮ! ಗುಂಡಗೆ, ತುಂಬಿಕೊಂಡು, ತಕ್ಕಷ್ಟು ಭಾರ. ಟೇಪು ಹಿಡಿದರೆ ಎಂಟೂವರೆ. ಮೊದಲು ತಾನೇ ಸರಿಯಾಗಿ ಇಟ್ಟುಕೊಂಡಿರಲಿಲ್ಲವೆಂದು ತೀರ್ಮಾನಿಸಿ, ಅಳತೆ ಪುಸ್ತಕದಲ್ಲಿ ‘ಶಾರದ, ಎಡ, ಇನ್ನೂರು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಬುಧವಾರದಿಂದ ಅಲ್ಲಿ ಏನೋ ಕಚಗುಳಿಯಿಟ್ಟಂತಾಗುತ್ತಿತ್ತು. ಸಂತೋಷಕ್ಕೆ ಹಾಗಾಗುತ್ತಿದೆ ಎಂದುಕೊಂಡಳು. ಸಂತೋಷ ಹೆಚ್ಚಾದರೆ ಬುದ್ಧಿವಂತರಿಗೂ ಹೀಗೆಲ್ಲ ಅನ್ನಿಸುತ್ತದೆ.

ಗುರುವಾರ ಒಂಬತ್ತೂವರೆಗೆ ಒಳ್ಳೆಯ ಸೀರೆಯುಟ್ಟು ಟೆಲಿಗ್ರಾಫ್ ಆಫೀಸಿಗೆ ಹೊರಟು ನಿಂತಳು. ಕಚಗುಳಿ ತಡೆಯಲಾಗಲಿಲ್ಲ. ಒಳಗೆ ಹೋಗಿ ಚೀಲ ತೆಗೆದು ನೋಡಿದಳು. ಮಲ್ ಬಟ್ಟೆಯ ನೇಯ್ಗೆಯ ಸಂದಿಯಲ್ಲೆಲ್ಲ ಬಿಳಿಯ ಮೊಳಕೆಗಳು ಬಾಲ ಚಾಚಿದ್ದವು.

“ಅತ್ತೇ!”

ಕೌಸಲ್ಯಮ್ಮ ಓಡಿಬಂದು ನೋಡಿ ಬಾಯಿಯ ಮೇಲೆ ಕೈಯಿಟ್ಟರು. ನೆನೆದ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿಟ್ಟು ಅವರು ಎಷ್ಟು ವರ್ಷ ಮೊಳಕೆ ಬರಿಸಿರಲಿಲ್ಲ! ಇಬ್ಬರಿಗೂ ಇದು ಹೊಳೆಯಲಿಲ್ಲವಲ್ಲ!

ಶಾರದ ಅಳತೆ ಪುಸ್ತಕದ ಆ ಇನ್ನೂರನ್ನು ಹೊಡೆದುಹಾಕಿದಳು. ಎಂಟೂವರೆ ಇಂಚು ಬಂದದ್ದು ಇನ್ನೂರರಿಂದಲ್ಲ, ಊದಿಕೊಂಡ ಕಾಳಿನಿಂದ. ಚೀಲ ತೆಗೆದು ನೋಡದೆ ಹೋಗಿ ಇನ್ನೂರು ಎಂದು ಹೇಳಿಬಿಟ್ಟಿದ್ದರೆ ಬದುಕಿರುವವರೆಗೂ ಒಂದು ಕಡೆ ಸಣ್ಣದು, ಒಂದು ಕಡೆ ದೊಡ್ಡದು, ಮತ್ತದೇ ಸೆರಗೆಳೆತ. ನೆನೆಸಿಕೊಂಡರೇ ಕಣ್ಣು ತುಂಬಿತು.

ಅವಳು ತಲೆಯೆತ್ತಿ ನೋಡಿದರೆ ಅತ್ತೆ ಆಗಲೇ ಅಳುತ್ತಿದ್ದರು. ಅಂಗೈಯಲ್ಲಿ ನಾಲ್ಕು ಮೊಳಕೆ ಹಿಡಿದಿದ್ದರು.

“ಅಲ್ಲಿ ಬರೀ ಗಾಯದ ಕಲೆ, ಏನೂ ಉಳಿದಿಲ್ಲ ಅಂತಿದ್ಯಲ್ಲೇ ಶಾರದ. ನೋಡೇ ಇದನ್ನ.”

ಶಾರದ ನೋಡಿದಳು. ಅಳುವೋ ನಗುವೋ ಒಟ್ಟಿಗೇ ಬಂತು. ಆಮೇಲೆ ಕಣ್ಣೊರೆಸಿಕೊಂಡು, “ಅತ್ತೆ, ಅಕ್ಕಿ ತನ್ನಿ. ಚುಚ್ಚಿದ್ರೆ ಚುಚ್ಲಿ,” ಎಂದಳು. ಚೀಲದ ಹೊಲಿಗೆ ಬಿಚ್ಚಿ ಝಾಡಿಸಿ ಅಕ್ಕಿ ತುಂಬಿದಳು, ಇಟ್ಟುಕೊಂಡಳು, ಟೇಪು ಹಿಡಿದಳು. ಎಂಟೂಕಾಲು. ಇನ್ನೊಂದು ಹಿಡಿ. ಎಂಟೂವರೆ! ಕೈ ಮೇಲೆತ್ತಿದಳು, ಬಗ್ಗಿದಳು, ಮಿಷನ್ ತುಳಿದು ನೋಡಿದಳು. ಸೋಮವಾರದ್ದೇ ಭಾರ, ಸೋಮವಾರದ್ದೇ ತುಂಬು. ಅಕ್ಕಿಯನ್ನು ಬಾಟಲಿಗೆ ಸುರಿದರೆ ಇನ್ನೂರ ಇಪ್ಪತ್ತೈದರ ಗೆರೆಗೆ ನಿಂತಿತು.

ಟೆಲಿಗ್ರಾಫ್ ಆಫೀಸಿನಲ್ಲಿ ಟ್ರಂಕ್ ಕಾಲ್ ಸಿಗುವ ಹೊತ್ತಿಗೆ ಹನ್ನೊಂದಕ್ಕೆ ಐದು ನಿಮಿಷವಿತ್ತು. ಫೋನಿಗೆ ಬಂದವರು ಡಾಕ್ಟರಲ್ಲ, ಬೊಂಬಾಯಿಗೆ ಹೊರಟು ನಿಂತಿದ್ದ ಯಾರೋ. ಲೈನು ಗರಗರ ಎನ್ನುತ್ತಿತ್ತು.

“ಇನ್ನೂರ ಇಪ್ಪತ್ತೈದು!” ಎಂದು ಶಾರದ ಕೂಗಿದಳು. “ತುಮಕೂರು ಶಾರದ! ಇನ್ನೂರ ಇಪ್ಪತ್ತೈದು!”

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಆ ಕಡೆಯವರು ಏನೋ ಕೇಳಿದರು. ಕೇಳಿಸದೆ ಇನ್ನೊಮ್ಮೆ ಹೇಳಿಸಿದಳು. ಒಂದೇನಾ, ಜೋಡಿನಾ, ಹೆಚ್ಚಿನವರು ಜೋಡಿ ತರಿಸುತ್ತಾರೆ ಎಂದು ಕೇಳುತ್ತಿದ್ದರು.

“ಒಂದೇ ಸಾಕು ಸಾರ್!” ಎಂದು ಅವಳು ಇನ್ನೂ ಜೋರಾಗಿ ಕೂಗಿದಳು. “ಇನ್ನೊಂದು ನಂದೇ ಇದೆ!”

ಸಾಲಿನವರ ಕಣ್ಣುಗಳೆಲ್ಲ ಅವಳ ಎದೆಯ ಮೇಲೆ ಬಿದ್ದವು. ಅಭ್ಯಾಸದಿಂದ ಅವಳ ಕೈ ಸೆರಗಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು, ಎಳೆದುಕೊಳ್ಳಲಿಲ್ಲ. ಫೋನಿಟ್ಟು, ಹಿಂದೆ ನಿಂತಿದ್ದವರಿಗೆ ಜಾಗ ಬಿಟ್ಟು, ಶಾರದ ನೆಟ್ಟಗೆ ನಡೆದು ಹೊರಗೆ ಬಂದಳು.