ಉರಿಹುಳ ಎಳೆದ ಬರೆ

ಮಳೆ ನಿಂತು ನಾಲ್ಕು ದಿನವಾಗಿತ್ತು. ಸಂಜೆ ದೀಪ ಹಾಕಿದರೆ ಸಾಕು, ಆ ಸಾಲಿನ ಎಲ್ಲ ಮನೆಗಳಲ್ಲೂ ಹುಳಗಳದ್ದೇ ದರ್ಬಾರು. ಗೋಡೆಯ ಮೇಲೆ ಹುಳ, ನೀರಿನ ಬಕೆಟ್ಟಿನಲ್ಲಿ ಹುಳ, ಹಾಸಿದ ಚಾದರದ ಮೇಲೆ ಹುಳ. ಗೊತ್ತಿದ್ದ ಹುಳಗಳ ನಡುವೆ ಈ ಸಲ ಗೊತ್ತಿಲ್ಲದ್ದೊಂದೂ ಸೇರಿಕೊಂಡಿತ್ತು. ಇರುವೆಗಿಂತ ತುಸು ಉದ್ದ, ಮೈಯೆಲ್ಲ ಕೆಂಪು ಕಪ್ಪು ಪಟ್ಟಿ. ಅದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಹುಳ ಅಂದ ಮೇಲೆ ನೋಡುವುದೇನು, ಹೊಡೆಯುವುದಷ್ಟೇ.

ಸಾಲಿನ ಕೊನೆಯ ಮನೆಯ ಸೊಸೆ ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡುವವಳು. ಆಳು ಸಣಕಲು, ಗೀರಿದರೆ ಹತ್ತಿಕೊಳ್ಳುವ ಸ್ವಭಾವ. ಹಾಗಾಗಿ ಜೊತೆಗೆ ಕೆಲಸ ಮಾಡುವ ಹೆಂಗಸರು ಅವಳನ್ನು ಕಡ್ಡಿ ಅಂತಲೇ ಕರೆಯುತ್ತಿದ್ದರು. ಒಂದು ಸಂಜೆ ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಅವಳ ಕತ್ತಿನ ಮೇಲೆ ಏನೋ ಹರಿದಂತಾಯಿತು. ಪಟ್ಟನೆ ಹೊಡೆದಳು, ಅಂಗೈಯಿಂದ ಒರೆಸಿದಳು, ಮತ್ತೆ ಹೆಚ್ಚತೊಡಗಿದಳು. ಕಚ್ಚಿದ ನೋವಿಲ್ಲ, ಉರಿಯಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಕಿವಿಯ ಕೆಳಗಿನಿಂದ ಭುಜದ ತನಕ, ಕಾದ ಕಂಬಿಯಿಂದ ಬರೆ ಎಳೆದ ಹಾಗೆ ಕೆಂಪು ಗೆರೆ ಎದ್ದಿತ್ತು. ಅದರ ಮೇಲೆ ಸಣ್ಣ ಸಣ್ಣ ಗುಳ್ಳೆಗಳು.

ಅತ್ತೆ ನೋಡಿದವರೇ ಸರ್ಪಸುತ್ತು ಅಂದರು. ಬೇಡ ಅಂದರೂ ಕೇಳದೆ ಸುಣ್ಣ ಹಚ್ಚಿದರು. ಉರಿ ಎರಡರಷ್ಟಾಯಿತು.

ಬೆಳಗಾದ ಮೇಲೆ ಬೇಕರಿಗೆ ಹೋದರೆ, ಸೂಪರ್‌ವೈಸರ್ ಅವಳನ್ನು ಪ್ಯಾಕಿಂಗ್ ಮೇಜಿನ ಮುಂದೆಯೇ ನಿಲ್ಲಿಸಿದ. ಕತ್ತಿಗೆ ಸುತ್ತಿದ್ದ ಬಟ್ಟೆ ತೆಗೆಯಲು ಹೇಳಿದ. ಹನ್ನೊಂದು ಹೆಂಗಸರು ಕೈ ನಿಲ್ಲಿಸಿ ನೋಡಿದರು.

“ಏನಮ್ಮ ಇದು, ಕಡ್ಡಿಗೇ ಹುಳಕಡ್ಡಿ ಆಯ್ತಾ?” ಅಂದು ತನ್ನ ಮಾತಿಗೆ ತಾನೇ ನಕ್ಕ. ಇಬ್ಬರು ಮೂವರು ಅವನ ಜೊತೆ ನಕ್ಕರು. ಉಳಿದವರು ನೆಲ ನೋಡಿದರು. ಇಂಥ ಮೈಯವರು ತಿನ್ನುವ ಪದಾರ್ಥ ಮುಟ್ಟುವಂತಿಲ್ಲ, ವಾಸಿಯಾಗುವವರೆಗೆ ಗೇಟಿನ ಒಳಗೆ ಕಾಲಿಡಬೇಡ ಅಂದ. ಡಾಕ್ಟರಿಗೆ ತೋರಿಸಿದೆಯಾ ಅಂತ ಒಂದು ಮಾತೂ ಕೇಳಲಿಲ್ಲ.

ಮನೆಗೆ ಬಂದರೆ ಅಲ್ಲೂ ಅದೇ ಕಥೆ. ಅತ್ತೆ ಅವಳ ತಟ್ಟೆ ಲೋಟ ಬೇರೆ ಇಟ್ಟರು. ಚಾಪೆ ಜಗುಲಿಗೆ ಹೋಯಿತು. ನಾಲ್ಕು ವರ್ಷದ ಮಗಳು ಅಮ್ಮನ ಕಡೆ ಓಡಿದರೆ ಅಜ್ಜಿ ರಟ್ಟೆ ಹಿಡಿದು ಎಳೆದುಕೊಳ್ಳುತ್ತಿದ್ದರು. ಗೋಡೆಗೆ ಬಣ್ಣ ಬಳಿಯುವ ಕೆಲಸದ ಗಂಡ ಸಂಜೆ ಬಂದು, ಅಮ್ಮ ಹೇಳುವುದು ಮಗುವಿನ ಒಳ್ಳೆಯದಕ್ಕೇ ತಾನೇ, ನಾಲ್ಕು ದಿನ ಸಹಿಸಿಕೋ ಅಂದ. ಕಡ್ಡಿ ತಟ್ಟೆ ಎತ್ತಿಕೊಂಡು ಆಚೆ ಹೋದಳು. ತಪ್ಪು ಮಾಡಿದವಳ ಹಾಗೆ ಜಗುಲಿಯಲ್ಲಿ ಕೂತು ಉಣ್ಣುವಾಗ, ಒಳಗೆ ಮಗಳು ಅಮ್ಮ ಬೇಕು ಅಂತ ಅಳುವುದು ಕೇಳಿಸುತ್ತಿತ್ತು.

ಹೀಗೆ ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮಗುವಿನ ಎಡಗಣ್ಣು ತೆರೆಯಲೇ ಇಲ್ಲ. ರೆಪ್ಪೆ ಊದಿಕೊಂಡು, ಕೆನ್ನೆಯಿಂದ ಕಣ್ಣಿನವರೆಗೆ ಅದೇ ಕೆಂಪು ಗೆರೆ.

“ನೋಡು, ನಿನ್ನ ರೋಗ ಮಗುಗೂ ಅಂಟಿಸಿದೆ” ಅಂದರು ಅತ್ತೆ.

ಕಡ್ಡಿ ಎದ್ದು ನಿಂತಳು. “ಮೂರು ದಿನದ ಹಿಂದೆ ಮಗೂನ ನನ್ನ ಕೈಯಿಂದ ಕಿತ್ಕೊಂಡ್ರಿ. ಅವಳ ಬಟ್ಟೆ ಕೂಡ ಮುಟ್ಟೋಕೆ ಬಿಡಲಿಲ್ಲ. ಮತ್ತೆ ನನ್ನಿಂದ ಹೇಗೆ ಅಂಟ್ತು? ಗಾಳೀಲಿ ಹಾರ್ಕೊಂಡು ಬಂತಾ?”

ಅತ್ತೆ ಯಾವುದೋ ಸೊಪ್ಪಿನ ರಸ ಹಿಂಡಿ ಮಗುವಿನ ಕಣ್ಣಿಗೆ ಬಿಡಲು ಬಟ್ಟಲು ತಂದರು. ಕಡ್ಡಿ ಆ ಬಟ್ಟಲನ್ನು ಕಸಿದು ಮೋರಿಗೆ ಚೆಲ್ಲಿದಳು. ಮಗುವನ್ನು ಎತ್ತಿಕೊಂಡು ಆರೋಗ್ಯ ಕೇಂದ್ರದ ಕಡೆ ಹೊರಟಳು. ನಿನ್ನ ರೋಗವನ್ನು ಡಾಕ್ಟರ ಬಾಯಲ್ಲೇ ಹೇಳಿಸುತ್ತೇನೆ ಅಂತ ಅತ್ತೆಯೂ ಹಿಂದೆಯೇ ಬಂದರು. ಗಂಡ ಅಂದಿನ ಕೆಲಸ ಬಿಟ್ಟು ಇಬ್ಬರ ಹಿಂದೆ ಬಂದ.

ಅಲ್ಲಿನ ನರ್ಸ್ ಹಿರಿಯಾಕೆ, ಕಡ್ಡಿ ತುಂಡು ಮಾಡಿದಂಥ ಮಾತು. ಮೊದಲು ಮಗುವಿನ ಕಣ್ಣನ್ನು ಶುದ್ಧ ನೀರಿನಿಂದ ತೊಳೆದು ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಸೊಪ್ಪಿನ ರಸದ ವಿಷಯವನ್ನು ಕಡ್ಡಿಯಿಂದ ಕೇಳಿಕೊಂಡು ಕಣ್ಣಿಗೆ ಔಷಧ ಹಾಕಿದರು. ದೃಷ್ಟಿಗೆ ತೊಂದರೆಯಿಲ್ಲ, ಆದರೆ ಸೊಪ್ಪಿನ ರಸ ಬಿಟ್ಟಿದ್ದರೆ ಈ ಮಾತು ಹೇಳುತ್ತಿರಲಿಲ್ಲ ಅಂದರು. ಆಮೇಲೆ ನರ್ಸ್ ಕಡ್ಡಿಯ ಕತ್ತು ನೋಡಿ, ಸುಣ್ಣ ಹಚ್ಚಿದ್ದು ಯಾರು ಅಂತ ಕೇಳಿ, ಉತ್ತರಕ್ಕೂ ಕಾಯದೆ ಮೇಜಿನಿಂದ ಒಂದು ಗಾಜಿನ ಶೀಶೆ ತೆಗೆದರು. ಒಳಗೆ ಆ ಹುಳ ಇತ್ತು. ಕಪ್ಪು ತಲೆ, ಕೆಂಪು ಕತ್ತು, ನಡುವೆ ಕಡುನೀಲಿಯ ಮೋಟು ರೆಕ್ಕೆ, ಕೆಂಪು ಹೊಟ್ಟೆ, ಕಪ್ಪು ಬಾಲ. ಶೀಶೆ ಅಲುಗಿಸಿದರೆ ಚೇಳಿನ ಹಾಗೆ ಬಾಲ ಎತ್ತುತ್ತಿತ್ತು. ಒಂದೊಂದು ಕಡೆ ಒಂದೊಂದು ಹೆಸರು, ನಾನು ಉರಿಹುಳ ಅಂತೀನಿ ಅಂದರು ನರ್ಸ್.

“ಇದು ಕಚ್ಚಲ್ಲ, ಚುಚ್ಚಲ್ಲ. ಸುಮ್ನೆ ಹರಿದು ಹೋದ್ರೆ ಏನೂ ಆಗಲ್ಲ. ನೀವು ಜಜ್ಜಿದಾಗ ಒಳಗಿನ ರಸ ಚರ್ಮಕ್ಕೆ ತಾಗುತ್ತಲ್ಲ, ಅದು ಸುಡೋದು. ಅದೂ ಆಗಲೇ ಅಲ್ಲ, ಒಂದು ದಿನ ಬಿಟ್ಟು. ಅದಕ್ಕೇ ಯಾರಿಗೂ ಹುಳದ ಮೇಲೆ ಅನುಮಾನ ಬರಲ್ಲ, ಮನುಷ್ಯರ ಮೇಲೆ ಬರುತ್ತೆ.”

ಇದು ಒಬ್ಬರಿಂದ ಒಬ್ಬರಿಗೆ ಅಂಟುತ್ತದಾ ಅಂತ ಕಡ್ಡಿ ಕೇಳಿದಳು. ಅಂಟುವುದಿಲ್ಲ, ಜಜ್ಜಿದ ಕೈಯನ್ನು ತೊಳೆಯದೆ ಎಲ್ಲಿ ಮುಟ್ಟಿದರೆ ಅಲ್ಲಿ ರಸ ಹತ್ತುತ್ತದೆ, ಅಷ್ಟೇ ಅಂದರು ನರ್ಸ್. ಅತ್ತೆ ಒಪ್ಪಲಿಲ್ಲ. ಇಷ್ಟು ವಯಸ್ಸಾಯಿತು, ಎಳ್ಳಿನಷ್ಟು ಹುಳ ಇಂಥ ಗಾಯ ಮಾಡಿದ್ದು ಕಂಡಿಲ್ಲ ಅಂದರು. ಹಾಗಾದರೆ ಮಗುವಿನ ಕೆನ್ನೆಯ ಮೇಲೆ ಹುಳ ಹೊಡೆದವರು ಯಾರು ಅಂತ ನರ್ಸ್ ಕೇಳಿದರು. ಅಮ್ಮನ ತೊಡೆಯ ಮೇಲಿದ್ದ ಮಗುವೇ ಹೇಳಿತು.

“ಅಜ್ಜಿ ಪಟ್ ಅಂತ ಹೊಡೀತು. ಆಮೇಲೆ ಕೈಗೆ ಒರೆಸ್ಕೊಳ್ತು.”

ಅತ್ತೆಯ ಎಡಗೈ ಬೆಳಿಗ್ಗೆಯಿಂದ ಒಂದು ಟವೆಲ್ಲಿನ ಅಡಿಯಲ್ಲೇ ಇತ್ತು. ನರ್ಸ್ ಕೈ ಚಾಚಿ ಟವೆಲ್ ಸರಿಸಿದರು. ಮೊಣಕೈ ಮಡಿಚುವ ಜಾಗದಲ್ಲಿ ಅದೇ ಗೆರೆ, ಅದೇ ಗುಳ್ಳೆಗಳು.

ಕಡ್ಡಿ ಕೇಳಿದಳು. “ಇದು ನಿಮಗೆ ಬೆಳಿಗ್ಗೇನೇ ಗೊತ್ತಿತ್ತಾ ಅತ್ತೆ?”

“ಗೊತ್ತಿತ್ತು” ಅಂದರು ಅತ್ತೆ. “ಹೇಳಿದ್ರೆ ನನ್ನನ್ನೂ ಹೊರಗೆ ಕೂರಿಸ್ತೀರಿ ಅಂತ ಭಯ ಆಯ್ತು.”

“ನಿಮಗೆ ಭಯ. ನಾನು ಕೂತಿದ್ದೆ.”

ಗಂಡ ಹೊಲಕ್ಕೆ ಹೊಡೆಯುವ ಔಷಧ ತಂದು ಮನೆಯೆಲ್ಲ ಸಿಂಪಡಿಸಲಾ ಅಂತ ಕೇಳಿದ. ನರ್ಸ್ ಅವನಿಗೂ ಚೆನ್ನಾಗಿ ಚಳಿ ಬಿಡಿಸಿದರು. ಮಲಗುವ ಕೋಣೆಗೆ ಹೊಲದ ವಿಷ ಹೊಡೆದರೆ ಹುಳಕ್ಕಿಂತ ಮೊದಲು ಮಗು ಆಸ್ಪತ್ರೆ ಸೇರುತ್ತದೆ ಅಂದರು. ಹೊಲದಲ್ಲಿ ಈ ಹುಳ ಬೆಳೆ ತಿನ್ನುವ ಹುಳಗಳನ್ನು ತಿಂದು ಉಪಕಾರವನ್ನೇ ಮಾಡುತ್ತದೆ. ಮನೆಗೆ ಬರುವುದು ಬಿಳಿ ಬೆಳಕಿನ ಆಸೆಗೆ.

ಅಂದೇ ಗಂಡ ಕಿಟಕಿಗೆ ಒತ್ತಾದ ಜಾಲರಿ ಹೊಡೆದ. ಬಾಗಿಲ ಮೇಲಿನ ಬಿಳಿ ಬಲ್ಬ್ ತೆಗೆದು ಹಳದಿಯದು ಹಾಕಿದ. ಅತ್ತೆ ಚಾದರ ಕೊಡವದೆ ಮಗುವನ್ನು ಮಲಗಿಸುತ್ತಿರಲಿಲ್ಲ. ಸೊಸೆಯ ಚಾಪೆಯನ್ನು ತಾವೇ ಒಳಗೆ ತಂದು ಹಾಸಿದರು. ಮಗುವಿನ ಕಣ್ಣು ವಾರದಲ್ಲಿ ತೆರೆಯಿತು. ಕಡ್ಡಿಗೆ ಮಾತ್ರ ಅತ್ತೆಯ ಜೊತೆ ಸಲೀಸಾಗಿ ಮಾತಾಡಲು ಇನ್ನೂ ಬಹಳ ದಿನ ಹಿಡಿಯಿತು. ಅದು ಅವಳ ತಪ್ಪಲ್ಲ.

ಆರೋಗ್ಯ ಕೇಂದ್ರದ ಚೀಟಿ ಹಿಡಿದು ಬೇಕರಿಗೆ ಹೋದಾಗ ಸೂಪರ್‌ವೈಸರ್ ಅದನ್ನು ಓದಿ, ಸರಿ ಸರಿ, ಒಳಗೆ ಹೋಗು ಅಂದ. ಅವಳು ಕದಲಲಿಲ್ಲ.

“ಹನ್ನೊಂದು ಜನರ ಮುಂದೆ ನಕ್ಕು ಕಳಿಸಿದ್ರಿ. ಇದು ಅಂಟುರೋಗ ಅಲ್ಲ ಅಂತ ಅವರ ಮುಂದೇನೇ ಹೇಳಿ.”

ಅವನು ಗೊಣಗಿದ, ಗಡಿಯಾರ ನೋಡಿದ. ಕೊನೆಗೆ ಪ್ಯಾಕಿಂಗ್ ಮೇಜಿನ ಮುಂದೆ ನಿಂತು ಚೀಟಿಯನ್ನು ಗಟ್ಟಿಯಾಗಿ ಓದಿದ. ಈ ಸಲ ಯಾರೂ ನಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಸಂಜೆ ನೀವೂ ದೀಪ ಹಾಕುತ್ತೀರಿ. ಮೈಮೇಲೆ ಹುಳ ಕೂತರೆ ಹೊಡೆಯಬೇಡಿ. ಊದಿ ಹಾರಿಸಿ, ಇಲ್ಲವೇ ಕಾಗದದ ತುದಿಗೆ ಹತ್ತಿಸಿಕೊಂಡು ಆಚೆ ಬಿಡಿ. ಕೈತಪ್ಪಿ ಜಜ್ಜಿದರೆ ಆ ಜಾಗವನ್ನೂ ಕೈಯನ್ನೂ ಆಗಲೇ ಸೋಪು ಹಾಕಿ ತೊಳೆಯಿರಿ. ಗುಳ್ಳೆ ಎದ್ದರೆ ತಣ್ಣೀರಿನ ಬಟ್ಟೆ ಇಡಿ, ಒಡೆಯಬೇಡಿ. ಸುಣ್ಣ, ಟೂತ್‌ಪೇಸ್ಟ್, ಸೊಪ್ಪಿನ ರಸ ಯಾವುದೂ ಬೇಡ. ಕಣ್ಣಿಗೆ ತಾಗಿದರೆ ನೀರಿನಿಂದ ತೊಳೆದು ನೇರ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಮೈಮೇಲೆ ಗೆರೆ ಎದ್ದವರನ್ನು ಕಂಡರೆ ನಗಬೇಡಿ, ದೂರ ಕೂರಿಸಬೇಡಿ. ಯಾವ ಹುಳ ಹೊಡೆದಿರಿ ಅಂತ ಕೇಳಿ, ಆರೋಗ್ಯ ಕೇಂದ್ರಕ್ಕೆ ಅವರ ಜೊತೆಗೆ ಹೋಗಿ.